ಕೂಗದೆ ಎಬ್ಬಿಸುವ ಕೋಳಿಯಕ್ಕ

ನಾಲ್ಕೂವರೆಗೆ ಇನ್ನೂ ಎರಡು ನಿಮಿಷವಿದೆ. ಪ್ರಾರ್ಥನಾ ಮಂದಿರದ ಬೆನ್ನಿಗೆ ಅಂಟಿಕೊಂಡ ಮನೆಯ ಮಹಡಿ. ಉದ್ದನೆಯ ಕಾರಿಡಾರು, ಒಂದೇ ಒಂದು ಮಂಕು ಬಲ್ಬು, ಎರಡೂ ಕಡೆ ಏಳೇಳು ಬಾಗಿಲು. ಮೊದಲ ಬಾಗಿಲಿಗೆ ಮೂರು ಹೆಜ್ಜೆ ದೂರದಲ್ಲಿ ಐವತ್ತೆಂಟು ವರ್ಷದ ಹೆಂಗಸೊಬ್ಬರು ಬರಿಗಾಲಲ್ಲಿ ನಿಂತಿದ್ದಾರೆ. ಎಡಗೈಯಲ್ಲಿ ಸ್ಟೀಲ್ ಲೋಟ, ಬಲಗೈಯಲ್ಲಿ ಚಮಚ, ಕಂಕುಳಲ್ಲಿ ಕಸಬರಿಗೆ. ಲೋಟದಲ್ಲಿ ಏನೂ ಇಲ್ಲ. ಗುಡಿಸುವ ಇರಾದೆಯೂ ಇದ್ದಂತಿಲ್ಲ.

ಗಡಿಯಾರದ ಮುಳ್ಳು ಆರರ ಮೇಲೆ ಬರುತ್ತಲೇ ಚಮಚ ಲೋಟದ ಅಂಚಿಗೆ ಎರಡು ಸಲ ತಾಗುತ್ತದೆ. ಯಾರೋ ಸಕ್ಕರೆ ಕಲಕಿದಷ್ಟೇ ಸದ್ದು. ಆಮೇಲೆ, ಪಕ್ಕದಲ್ಲಿ ಕೂತವರೊಡನೆ ಆಡುವಂಥ ದನಿಯಲ್ಲಿ ಮೂರು ಮಾತು:

"ನಾಲ್ಕೂವರೆ. ಮನೇಲಿದ್ದೀಯ. ಬಾಗಿಲು ಹಾಕಿದೆ."

ಒಳಗೆ ಮಂಚ ಕಿರುಗುಡುತ್ತದೆ. "ಹ್ಞೂಂ ಅಕ್ಕ," ಎಂಬ ನಿದ್ದೆಗಣ್ಣಿನ ಉತ್ತರ ಬರುತ್ತದೆ. ಅಷ್ಟಕ್ಕೆ ಒಂದು ಬಾಗಿಲಿನ ಕೆಲಸ ಮುಗಿಯಿತು.

ಎರಡನೆಯ ಬಾಗಿಲಿಗೆ ಲೋಟ ನಡೆಯುವುದಿಲ್ಲ. ಅಲ್ಲಿ ಕಸಬರಿಗೆಯ ಸರದಿ. ನೆಲದ ಮೇಲೆ ಮೂರು ಎಳೆತ, ನಿಧಾನವಾಗಿ. ಆಮೇಲೆ ಅದೇ ಮೂರು ಮಾತು. ನಾಲ್ಕನೆಯ ಕೋಣೆಯಾಕೆಗೆ ಒಂದು ಕಿವಿ ಕೇಳಿಸದು. ಕೇಳುವ ಕಿವಿಯನ್ನು ದಿಂಬಿಗೆ ಒತ್ತಿ ಮಲಗಿದ ದಿನ ಲೋಟ ಬಡಿದರೂ ಅಷ್ಟೆ, ನಗಾರಿ ಬಡಿದರೂ ಅಷ್ಟೆ. ಹಾಗಾಗಿ ಆ ಕೋಣೆಯ ದೀಪಕ್ಕೆ ಮಾತ್ರ ಹೊರಗೊಂದು ಸ್ವಿಚ್ಚು ಹಾಕಿಸಿದ್ದಾರೆ. ಎರಡು ಸಲ ಹಾಕಿ ಆರಿಸಿದರೆ ಒಳಗಿನಿಂದ ಕೆಮ್ಮು ಕೇಳುತ್ತದೆ. ಕೆಮ್ಮು ಎಂದರೆ ಎದ್ದಿದ್ದೇನೆ ಎಂದು ಅರ್ಥ.

ಹೀಗೆ ಒಂದೊಂದೇ ಬಾಗಿಲು ದಾಟಿ ಕಾರಿಡಾರಿನ ಕೊನೆಗೆ ಬರುವಾಗ ನಾಲ್ಕು ನಲವತ್ತು. ಎಡಗಡೆಯ ಕೊನೆಯ ಬಾಗಿಲಿನ ಎದುರು ಅವರು ಲೋಟ ಬಾರಿಸುವುದಿಲ್ಲ, ಗುಡಿಸುವುದಿಲ್ಲ. ಲೋಟ ಕೈಯಲ್ಲೇ ಇಲ್ಲ. ಅದನ್ನು ಆ ತುದಿಯ ಕಿಟಕಿಯ ಮೇಲೆ ಬೇಕೆಂದೇ ಇಟ್ಟು ಬಂದಿದ್ದಾರೆ. ಎದುರಿನ ಗೋಡೆಗೆ ಒಂದು ಸ್ಟೂಲು ಎಳೆದು ಕೂತು, ಎರಡೂ ಅಂಗೈಗಳನ್ನು ತೊಡೆಯಡಿ ಸಿಕ್ಕಿಸಿಕೊಳ್ಳುತ್ತಾರೆ. ಇವರ ಕೆಲಸ ನೋಡಿ ಬರೆಯಲು ಬಂದವರಿಗೆ ಇನ್ನು ಇಪ್ಪತ್ತು ನಿಮಿಷ ನೋಡಲು ಸಿಗುವುದು, ಕೈಕಟ್ಟಿ ಕೂರಲು ಒಬ್ಬರು ಪಡುವ ಪಾಡು.

ಮನೆಯಲ್ಲಿ ಎಲ್ಲರೂ ಇವರನ್ನು ಕೋಳಿಯಕ್ಕ ಎನ್ನುತ್ತಾರೆ. ಬೇಸರವಿಲ್ಲವೇ ಎಂದರೆ, ಇದೆ ಎನ್ನುತ್ತಾರೆ. ಆದರೆ ಬೇಸರದ ಕಾರಣ ಬೇರೆ. "ಕೂಗೋದು ಹುಂಜ ಕಣ್ರೀ, ಕೋಳಿಯಲ್ಲ. ಅಡ್ಡಹೆಸರು ಇಡೋದಕ್ಕಾದ್ರೂ ಸ್ವಲ್ಪ ತಿಳುವಳಿಕೆ ಬೇಡ್ವಾ? ಅದೂ ಅಲ್ದೆ ನಾನು ಯಾವತ್ತು ಕೂಗಿದ್ದೀನಿ?"

ಮಂದಿರದ ಹಾಜರಿ ಪುಸ್ತಕದಲ್ಲಿ ಇವರ ಹುದ್ದೆ 'ಸಹಾಯಕಿ, ಇತರೆ'. ಅಡುಗೆಯವರಿಗೆ ಅಡುಗೆ, ಕಾವಲಿನವನಿಗೆ ಕಾವಲು ಎಂದು ಬರೆದ ಮೇಲೆ ಉಳಿದದ್ದಕ್ಕೆಲ್ಲ ಒಂದು ಪದ ಬೇಕಾಗಿತ್ತು. ಹನ್ನೆರಡು ವರ್ಷದಿಂದ ಆ 'ಇತರೆ'ಯಲ್ಲಿ ಇವರು ಒಂದೇ ಕೆಲಸ ಮಾಡುತ್ತಿದ್ದಾರೆ: ಹೆಂಗಸರನ್ನು ನಿದ್ದೆಯಿಂದ ಎಬ್ಬಿಸುವುದು.

ಇದೂ ಒಂದು ಕೆಲಸವೇ ಎಂದು ಹುಬ್ಬೇರಿಸುವವರಿಗೆ ಈ ಮನೆಯ ಬಗ್ಗೆ ಎರಡು ಮಾತು. ತಲೆಯ ಮೇಲೆ ಸೂರಿಲ್ಲದ ಹೆಂಗಸರಿಗಾಗಿ ಮಂದಿರದವರು ನಡೆಸುವ ಮನೆ ಇದು. ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಒಳಗಿನಿಂದ ಹಾಕಿಕೊಳ್ಳಲು ಗಟ್ಟಿ ಚಿಲಕ. ಇರಬಹುದಾದದ್ದು ಒಂಬತ್ತು ತಿಂಗಳು. ಅಷ್ಟರಲ್ಲಿ ಒಂದು ಕೆಲಸ ಹಿಡಿದು, ಬಾಡಿಗೆಗೆ ಒಂದು ಕೋಣೆ ಗೊತ್ತು ಮಾಡಿಕೊಂಡು ಹೊರಡಬೇಕು. ಒಂಬತ್ತೇ ಏಕೆ ಎಂದರೆ ಕಾರ್ಯದರ್ಶಿಗಳು ಹಳೆಯ ನಿರ್ಣಯ ಪುಸ್ತಕ ಹುಡುಕಬೇಕು ಎನ್ನುತ್ತಾರೆ. ಅಡುಗೆಯವರಿಗೆ ಪುಸ್ತಕ ಬೇಕಿಲ್ಲ. "ಒಂಬತ್ತು ತಿಂಗಳಲ್ಲಿ ಒಂದು ಜೀವಾನೇ ಹೊರಗೆ ಬರುತ್ತೆ. ಇವರಿಗೆ ಒಂದು ರೂಮು ಹುಡುಕಿಕೊಳ್ಳೋದಕ್ಕೆ ಸಾಲದಾ?"

ಬಂದವರ ಮುಂದೆ ಕಚೇರಿಯಲ್ಲಿ ಒಂದು ನಮೂನೆ ಇಡುತ್ತಾರೆ. ಹೆಸರು, ವಯಸ್ಸು, ಕಾಯಿಲೆ, ಹಿಂದಿನ ವಿಳಾಸ. ಹಿಂದಿನ ವಿಳಾಸದ ಜಾಗದಲ್ಲಿ ಹೆಚ್ಚಿನವರು ಒಂದು ಗೀಟು ಎಳೆಯುತ್ತಾರೆ. ಅದು ಮುಗಿದ ಮೇಲೆ ಕೋಳಿಯಕ್ಕ ಅವರನ್ನು ಅಡುಗೆಮನೆಗೆ ಕರೆದು, ಚಹಾ ಕೊಟ್ಟು, ತಮ್ಮದೊಂದೇ ಪ್ರಶ್ನೆ ಕೇಳುತ್ತಾರೆ: "ಇಷ್ಟು ದಿನ ನಿನ್ನನ್ನ ಯಾರು ಎಬ್ಬಿಸ್ತಿದ್ರು?"

ಉತ್ತರಗಳು ಅವರಿಗೆ ಬಾಯಿಪಾಠ. ಕಾವಲುಗಾರನ ಲಾಠಿ. ಬೂಟಿನ ತುದಿ. ಅಂಗಡಿ ಮುಂದೆ ಸುರಿದ ಬಕೆಟ್ ನೀರು. ಮುಖಕ್ಕೆ ಬಿಟ್ಟ ಟಾರ್ಚು. ಮೈಮೇಲೆ ಬಿದ್ದ ಗುರುತಿಲ್ಲದ ಕೈ. ಯಾರೂ ಇಲ್ಲ, ಮಲಗಿದ್ದರೆ ತಾನೇ ಎಬ್ಬಿಸುವುದು ಎಂದವರೂ ಇದ್ದಾರೆ. "ಅಲ್ಲಿ ಮಲಗೋದೆಲ್ಲ ಕೋಳಿನಿದ್ದೆ," ಎನ್ನುತ್ತಾರೆ ಕೋಳಿಯಕ್ಕ. "ಎಬ್ಬಿಸಿದ್ರು ಅಂದ್ರೆ ಏನೋ ಕೆಟ್ಟದ್ದು ಬಂತು ಅಂತಾನೇ ಲೆಕ್ಕ. ಅಂಥೋರನ್ನ ಇಲ್ಲಿಗೆ ಕರ್ಕೊಂಡು ಬಂದು, ಮೆತ್ತಗಿನ ಹಾಸಿಗೆ ಕೊಟ್ಟು, ಬೆಳಿಗ್ಗೆ ಬಾಗಿಲು ಧಬಧಬ ಬಡಿದ್ರೆ? ಹಾಸಿಗೆ ಕೊಟ್ಟಿದ್ದೂ ದಂಡ."

ಬಡಿಯುವುದಷ್ಟೇ ಅಲ್ಲ, ಮೊದಲು ಇಲ್ಲಿ ಗಂಟೆ ಹೊಡೆಯುತ್ತಿದ್ದರು. ಮುಂಜಾನೆ ಐದಕ್ಕೆ ಪ್ರಾರ್ಥನೆಗೆ ಕರೆಯುವ ಗಂಟೆ. ಮಂದಿರ ಕಟ್ಟಿದಂದಿನಿಂದ ನಡೆದು ಬಂದದ್ದು. ಕೋಳಿಯಕ್ಕ ಕೆಲಸಕ್ಕೆ ಸೇರಿದ ಮೊದಲ ತಿಂಗಳು, ಹೊಸದಾಗಿ ಬಂದ ಹೆಂಗಸೊಬ್ಬರು ಗಂಟೆಯ ಸದ್ದಿಗೆ ಎದ್ದು, ಮೆಟ್ಟಿಲಿಳಿದು, ಗೇಟು ಹಾರಿ, ಮೂರು ಬೀದಿ ದಾಟುವವರೆಗೆ ಓಡಿದರು. ಕರೆತರಲು ಹೋದ ಕಾರ್ಯದರ್ಶಿಗಳನ್ನು ಕಂಡು ಇನ್ನೂ ಎರಡು ಬೀದಿ ಓಡಿದರು. ಮರುದಿನವೇ ಕೋಳಿಯಕ್ಕ ಮಂದಿರದ ಗುರುಗಳ ಮುಂದೆ ಹೋಗಿ ನಿಂತರು.

"ನಲವತ್ತು ವರ್ಷದ ಪದ್ಧತಿ ಅಂದ್ರು ಕಾರ್ಯದರ್ಶಿಗಳು. ಹೌದು, ಪದ್ಧತಿ ಚೆನ್ನಾಗೇ ಇದೆ, ದೇವರನ್ನ ಕರೆಯೋದಕ್ಕೆ ಗಂಟೆ ಹೊಡೀರಿ, ಇವರನ್ನ ಎಬ್ಬಿಸೋದು ನನಗೆ ಬಿಡಿ ಅಂದೆ. ಗುರುಗಳು ನಕ್ಕರು. ದೇವರಿಗೆ ಕಿವಿ ಚುರುಕು, ಅವನಿಗೇನು ಗಂಟೆ ಬೇಡ, ಅದು ನಮ್ಮ ಖುಷಿಗೆ ಹೊಡ್ಕೊಳ್ಳೋದು, ಸ್ವಲ್ಪ ತಡವಾಗಿ ಹೊಡೆದ್ರೆ ಅವನೇನು ಬೇಜಾರು ಮಾಡ್ಕೊಳ್ಳಲ್ಲ ಅಂದ್ರು."

ಅಂದಿನಿಂದ ಗಂಟೆ ಆರೂವರೆಗೆ, ಎಲ್ಲರೂ ಎದ್ದ ಮೇಲೆ. ಪ್ರಾರ್ಥನೆಗೆ ಬರುವುದು ಬಿಡುವುದು ಅವರವರ ಇಷ್ಟ. ಕೋಳಿಯಕ್ಕ ಮಾತ್ರ ತಪ್ಪಿಸುವುದಿಲ್ಲ. ಕೊನೆಯ ಸಾಲಿನಲ್ಲಿ ಕಂಬಕ್ಕೆ ಒರಗಿ ಕೂರುತ್ತಾರೆ. ಏನು ಕೇಳಿಕೊಳ್ಳುತ್ತೀರಿ ಎಂಬ ಪ್ರಶ್ನೆಗೆ ಸಂಕೋಚವಿಲ್ಲದ ಉತ್ತರ: "ಇವರಿಗೆಲ್ಲ ನಿದ್ದೆ ಕೊಡಪ್ಪ ಅಂತ. ನಿದ್ದೆ ಕೊಡೋದು ಅವನ ಕೆಲಸ, ಎಬ್ಬಿಸೋದು ನಂದು. ಇಬ್ಬರೂ ನಮ್ಮ ನಮ್ಮ ಪಾಡಿಗೆ ಮಾಡ್ಕೊಂಡು ಹೋಗ್ತಿದ್ದೀವಿ."

ಈ ಕೆಲಸಕ್ಕೆ ಕಟ್ಟುಪಾಡುಗಳಿವೆ. ಯಾವುದೂ ಬರೆದಿಟ್ಟದ್ದಲ್ಲ. ಬಂದ ಮೊದಲ ವಾರ ಯಾರನ್ನೂ ಎಬ್ಬಿಸುವಂತಿಲ್ಲ. ಒಬ್ಬರು ಮೂವತ್ತೊಂದು ಗಂಟೆ ಒಂದೇ ಸಮನೆ ಮಲಗಿದ್ದರು, ಗಾಬರಿಯಾದ ಕಾರ್ಯದರ್ಶಿಗಳು ಡಾಕ್ಟರನ್ನು ಕರೆಸಿದರೆ, ಅವರು ಬಾಗಿಲ ಹೊರಗೆ ನಿಂತು ಗೊರಕೆ ಕೇಳಿ, ಇದಕ್ಕೆ ಔಷಧಿ ಬೇಡ ಎಂದು ಹೋದರು. ಎಬ್ಬಿಸುವಾಗ ಬಾಗಿಲಿನಿಂದ ಮೂರು ಹೆಜ್ಜೆ ಹಿಂದೆಯೇ ನಿಲ್ಲಬೇಕು. ಹತ್ತಿರ ನಿಂತರೆ ಬಾಗಿಲಡಿಯ ಸಂದಿಯಲ್ಲಿ ಎರಡು ಕಾಲಿನ ನೆರಳು ಬೀಳುತ್ತದೆ. ಕಣ್ಣು ಬಿಟ್ಟ ಕೂಡಲೇ ಅದು ಕಾಣಬಾರದು. ಮಾತು ಮೂರೇ. ಮೊದಲು ಹೊತ್ತು, ಆಮೇಲೆ ಜಾಗ, ಕೊನೆಗೆ ಬಾಗಿಲು. ಎಲ್ಲಕ್ಕಿಂತ ಮೊದಲನೆಯದು, ಏನೇ ಆಗಲಿ ಮುಟ್ಟಬಾರದು.

ಹಾಗಾದರೆ ಮೊಬೈಲಿನಲ್ಲಿ ಅಲಾರಂ ಇಟ್ಟರಾಯಿತಲ್ಲ ಎನ್ನುವವರು ಎಲ್ಲ ಕಡೆ ಇರುತ್ತಾರೆ. ಆಡಳಿತ ಮಂಡಳಿಯಲ್ಲೂ ಇದ್ದರು. ಕೋಳಿಯಕ್ಕನ ಉತ್ತರ: "ಅದು ಹೊತ್ತು ಹೇಳುತ್ತೆ. ಎಲ್ಲಿದ್ದೀನಿ ಅಂತ ಹೇಳುತ್ತಾ?"

ಇವರಿಗೆ ಇದೆಲ್ಲ ಹೇಗೆ ಗೊತ್ತು ಎಂಬುದಕ್ಕೆ ಉತ್ತರ ಒಂದು ಬಸ್ ನಿಲ್ದಾಣದಲ್ಲಿದೆ. ಗಂಡ ತೀರಿಕೊಂಡ ಹದಿನಾರನೆಯ ದಿನ ಮೈದುನ ಮನೆಯ ಬೀಗ ಬದಲಾಯಿಸಿದ. ಮಕ್ಕಳಿರಲಿಲ್ಲ, ಕಾಗದಪತ್ರದಲ್ಲಿ ಹೆಸರಿರಲಿಲ್ಲ. ಅಂಗಡಿಗೆ ಹೋಗಿ ಬಂದವರು ಕೈಯಲ್ಲಿ ಸೋಪು ಹಿಡಿದು ತಮ್ಮದೇ ಬಾಗಿಲ ಮುಂದೆ ನಿಂತಿದ್ದರು. "ಆ ಸೋಪು ಎರಡು ವರ್ಷ ನನ್ನ ಚೀಲದಲ್ಲೇ ಇತ್ತು. ಕವರೂ ಬಿಚ್ಚಲಿಲ್ಲ. ಬಚ್ಚಲು ಎಲ್ಲಿತ್ತು ಬಿಚ್ಚೋದಕ್ಕೆ?"

ಆ ಎರಡು ವರ್ಷ ನಿಲ್ದಾಣದ ಕೊನೆಯ ಬೆಂಚೇ ಅವರ ಮನೆ. ಎಬ್ಬಿಸುತ್ತಿದ್ದದ್ದು ಲಾಠಿ. ಆಮೇಲೆ ಬೆಳಗಿನ ಪಾಳಿಗೆ ಹೊಸ ಗುಡಿಸುವಾಕೆ ಬಂದರು. ಅವರು ಮಲಗಿದವರನ್ನು ಮುಟ್ಟದೆ, ಬೆಂಚಿನ ಕಾಲಿಗೆ ಕಸಬರಿಗೆಯಿಂದ ಎರಡು ಸಲ ತಟ್ಟಿ, ಅಷ್ಟು ದೂರ ಸರಿದು, "ಅಕ್ಕಾ, ಐದಾಯ್ತು," ಎನ್ನುತ್ತಿದ್ದರು. ಈ ಮನೆಯ ದಾರಿ ತೋರಿಸಿದ್ದೂ ಅವರೇ. "ಅಕ್ಕಾ ಅಂದಳಲ್ಲ, ಎರಡು ವರ್ಷದಲ್ಲಿ ಅದೇ ಮೊದಲು," ಎಂದು ಕೋಳಿಯಕ್ಕ ಸೆರಗಿನಿಂದ ಲೋಟ ಒರೆಸುತ್ತಾರೆ. ಲೋಟ ಆಗಲೇ ಫಳಫಳ ಹೊಳೆಯುತ್ತಿದೆ.

ಒಂಬತ್ತು ತಿಂಗಳು ಮುಗಿದಾಗ ಮಂದಿರದವರು ಇವರನ್ನು ಕೆಲಸಕ್ಕೆ ಇಟ್ಟುಕೊಂಡು ಮೆಟ್ಟಿಲ ಕೆಳಗಿನ ಕೋಣೆ ಕೊಟ್ಟರು. ದಿನಕ್ಕೆ ಸರಾಸರಿ ಎಂಟು ಬಾಗಿಲು ಎಂದರೂ ಹನ್ನೆರಡು ವರ್ಷಕ್ಕೆ ಮೂವತ್ತೈದು ಸಾವಿರ ಸಲ ಎಬ್ಬಿಸಿದಂತಾಯಿತು. ಈ ಸಂಖ್ಯೆ ಕೇಳಿ ಅವರು ಮೊಣಕಾಲು ಸವರಿಕೊಳ್ಳುತ್ತಾರೆ. "ಅಷ್ಟೊಂದಾ? ಅದಕ್ಕೇ ಮೊಣಕಾಲು ಹೋಗಿದೆ."

ಅವರ ಎಡಹುಬ್ಬನ್ನು ಎರಡಾಗಿ ಸೀಳಿದ ಒಂದು ಗಾಯದ ಗೆರೆ ಇದೆ. ಮೊದಲ ವರ್ಷದ್ದು. ಜ್ವರದಲ್ಲಿ ಮಲಗಿದ್ದ ಒಬ್ಬರ ಬಾಗಿಲು ತೆರೆದೇ ಇತ್ತು. ಮೈ ಸುಡುತ್ತಿದೆಯೇ ನೋಡೋಣವೆಂದು ಭುಜ ಮುಟ್ಟಿದರು. ನೀರಿನ ಚೊಂಬು ಹುಬ್ಬಿಗೆ ಬಂದು ಬಡಿಯಿತು. ಮಂಡಳಿಯವರು ಆಕೆಯನ್ನು ಕಳಿಸಿಬಿಡುವ ಮಾತಾಡಿದಾಗ ಕೋಳಿಯಕ್ಕ ಪಟ್ಟು ಹಿಡಿದು ಉಳಿಸಿಕೊಂಡರು. "ತಪ್ಪು ನಂದು. ಗೊತ್ತಿದ್ದೂ ಮುಟ್ಟಿದೆ. ಅದೇ ಕೊನೆ ನೋಡಿ. ಆಮೇಲೆ ನಾನು ಎಬ್ಬಿಸಿದೋರಲ್ಲಿ ಒಬ್ಬರೂ ಬೆಚ್ಚಿ ಎದ್ದಿಲ್ಲ."

ಇನ್ನು ಆ ಕೊನೆಯ ಬಾಗಿಲು. ಅದರೊಳಗೆ ಇರುವವರು ಮೂವತ್ತನಾಲ್ಕು ವರ್ಷದ ಬ್ರೆಡ್ಡಮ್ಮ. ಬೇಕರಿಯಲ್ಲಿ ಬ್ರೆಡ್ಡು ಕತ್ತರಿಸಿ ಪ್ಯಾಕ್ ಮಾಡುವ ಕೆಲಸ. ಮಧ್ಯಾಹ್ನ ಇವರು ಮೆಟ್ಟಿಲು ಹತ್ತಿದರೆ ಮಹಡಿಯೆಲ್ಲ ಒಲೆಯಿಂದ ಆಗ ತಾನೇ ಇಳಿಸಿದ ಬ್ರೆಡ್ಡಿನ ವಾಸನೆ. ಹೆಸರು ಬಂದದ್ದು ಹಾಗೆ. ಅದಕ್ಕೂ ಮುಂಚೆ ಹನ್ನೊಂದು ವರ್ಷ ಒಂದು ಮನೆಯಲ್ಲಿ ಕೆಲಸಕ್ಕಿದ್ದು, ಅವರ ಅಡುಗೆಮನೆಯ ಮೂಲೆಯಲ್ಲೇ ಮಲಗುತ್ತಿದ್ದರು. ಆ ಮನೆಯವರು ಊರು ಬಿಟ್ಟಾಗ ಇವರಿಗೆ ಒಂದು ಹಳೆಯ ಸೂಟ್‌ಕೇಸು ಕೊಟ್ಟು ಹೋದರು. ಅದರಲ್ಲಿ ತುಂಬಲು ಏನಿದೆ ಎಂದು ಕೇಳಲಿಲ್ಲ.

ಮುಂದಿನ ಏಳು ತಿಂಗಳು ಬ್ರೆಡ್ಡಮ್ಮ ಮಲಗಿದ್ದು ಒಂದು ದೊಡ್ಡ ಆಸ್ಪತ್ರೆಯಲ್ಲಿ, ರೋಗಿಗಳ ಕಡೆಯವರು ಕಾಯುವ ಹಾಲಿನಲ್ಲಿ. "ಕೈಯಲ್ಲಿ ಒಂದು ಫ್ಲಾಸ್ಕ್ ಹಿಡ್ಕೊಂಡಿರ್ತಿದ್ದೆ. ಫ್ಲಾಸ್ಕ್ ಇದ್ರೆ ಯಾರೂ ಏನೂ ಕೇಳಲ್ಲ. ಕೇಳಿದ್ರೆ, ಅತ್ತೆಗೆ ಆಪರೇಷನ್ ಅಂತಿದ್ದೆ. ವಾರಕ್ಕೊಂದು ವಾರ್ಡ್ ಬದಲಾಯಿಸ್ತಿದ್ದೆ. ಆ ಮುದುಕಿಗೆ ಏನೇನು ಕೊಯ್ದು ಹಾಕಿದ್ರೋ! ನಂಗೆ ಮದ್ವೆನೇ ಆಗಿಲ್ಲ, ಅತ್ತೆ ಎಲ್ಲಿಂದ ಬರ್ತಾಳೆ?"

ಈಗ ಅವರ ಒಂಬತ್ತು ತಿಂಗಳು ನಾಳೆಗೆ ಮುಗಿಯುತ್ತದೆ. ಬೇಕರಿ ಮೇಸ್ತ್ರಿಯ ಅಕ್ಕನ ಮನೆಯ ಹಿಂದೆ ಒಂದು ಕೋಣೆ ಖಾಲಿ ಇದೆ. ತಮ್ಮನಾದ ಮೇಸ್ತ್ರಿ ಒಂದು ಮಾತು ಹೇಳಿದರೆ ಅಕ್ಕ ಕೋಣೆ ಕೊಡುತ್ತಾರೆ. ತಮ್ಮ ಆ ಮಾತು ಹೇಳಬೇಕಾದರೆ ಬ್ರೆಡ್ಡಮ್ಮ ಐದೂವರೆಗೆ ಬೇಕರಿಯಲ್ಲಿರಬೇಕು. ಇರಬೇಕೆಂದರೆ ಐದರೊಳಗೆ ಎದ್ದು ಕೋಣೆಯ ಬಾಗಿಲು ತೆಗೆಯಬೇಕು. ಯಾರೂ ಎಬ್ಬಿಸದೆ.

ಹೌದು, ಯಾರೂ ಎಬ್ಬಿಸದೆ. ಈ ಮನೆಯ ಅತಿ ಕಠಿಣವಾದ ಕಟ್ಟಳೆ ಇದು, ಮಾಡಿದವರು ಸ್ವತಃ ಕೋಳಿಯಕ್ಕ. ಕೊನೆಯ ಹದಿನಾಲ್ಕು ದಿನ ಎಬ್ಬಿಸುವುದು ಬಂದ್. ಅದರಲ್ಲಿ ಸತತವಾಗಿ ಏಳು ದಿನ ತಾವಾಗಿಯೇ ಎದ್ದರೆ ಮಾತ್ರ, ಇವರು ಮನೆ ನಡೆಸಬಲ್ಲರು ಎಂದು ಮಂದಿರದವರು ಚೀಟಿ ಕೊಡುತ್ತಾರೆ. ಆ ಚೀಟಿ ನೋಡದೆ ಮೇಸ್ತ್ರಿ ಬಾಯಿ ಬಿಡುವುದಿಲ್ಲ. ಮೊದಮೊದಲು ಹೊರಡುವ ದಿನದವರೆಗೂ ಎಬ್ಬಿಸುತ್ತಿದ್ದರಂತೆ. ಹಾಗೆ ಹೊರಟ ಒಂದೇ ವಾರಕ್ಕೆ ಒಬ್ಬರು ಕೆಲಸ ಕಳೆದುಕೊಂಡು ಗೇಟಿನ ಮುಂದೆ ಬಂದು ನಿಂತರು. "ಅಕ್ಕ, ಅಲ್ಲಿ ಯಾರೂ ಬಾಗಿಲು ಹಾಕಿದೆ ಅಂತ ಹೇಳೋರಿಲ್ಲ ಅಂದಳು. ಅವಳ ಜಾಗದಲ್ಲಿ ಅಷ್ಟೊತ್ತಿಗೆ ಬೇರೆಯವರು ಬಂದಾಗಿತ್ತು. ಆವತ್ತು ಅರ್ಥ ಆಯ್ತು, ನಾನು ಉಪಕಾರ ಮಾಡ್ತಿಲ್ಲ, ಹಾಳು ಮಾಡ್ತಿದ್ದೀನಿ ಅಂತ."

ಬ್ರೆಡ್ಡಮ್ಮನ ಹದಿನಾಲ್ಕು ದಿನ ಚೆನ್ನಾಗಿ ಶುರುವಾಗಲಿಲ್ಲ. ಮೊದಲ ರಾತ್ರಿ, ಮಲಗಿದರೆ ತಾನೇ ಎಚ್ಚರವಾಗುವ ಚಿಂತೆ ಎಂದುಕೊಂಡು, ಸೀರೆಯುಟ್ಟು ತಲೆ ಬಾಚಿ ಚಪ್ಪಲಿ ಹಾಕಿಕೊಂಡು ಮಂಚದ ತುದಿಯಲ್ಲಿ ಕೂತರು. ನಾಲ್ಕೂವರೆಯವರೆಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತವರಿಗೆ ನಾಲ್ಕೂ ಮುಕ್ಕಾಲಿಗೆ ನಿದ್ದೆ ಹತ್ತಿತು. ಚಪ್ಪಲಿಯ ಸಮೇತ ಆರೂವರೆಯ ಗಂಟೆಗೆ ಎದ್ದರು. ಎರಡನೆಯ ದಿನ ಒಂದು ಅಲಾರಂ ಗಡಿಯಾರ ತಂದರು. ಅದರ ಕಿರುಚಾಟ ಒಮ್ಮೆ ಪರೀಕ್ಷಿಸಿ ಕೇಳಿದಾಗಲೇ ಎದೆ ಧಸಕ್ಕೆಂದದ್ದರಿಂದ ಟವೆಲಿನಲ್ಲಿ ಸುತ್ತಿ ಮಂಚದಡಿ ಇಟ್ಟರು. ಸುತ್ತಿದ್ದು ಒಂದೆರಡು ಸುತ್ತು ಹೆಚ್ಚಾಯಿತು. ಗಡಿಯಾರ ಟವೆಲಿಗೆ ಏನು ಹೇಳಿಕೊಂಡಿತೋ, ಬ್ರೆಡ್ಡಮ್ಮನಿಗಂತೂ ಕೇಳಲಿಲ್ಲ. ಎರಡು ದಿನ ತಡ. ಮೂರನೆಯ ದಿನ ತಡವಾದರೆ ಬರುವುದೇ ಬೇಡ ಎಂದರು ಮೇಸ್ತ್ರಿ.

ಟವೆಲು ಒಂದೇ ಸುತ್ತಿಗೆ ಇಳಿಯಿತು. ಮೂರನೆಯ, ನಾಲ್ಕನೆಯ, ಐದನೆಯ ದಿನ ಐದಕ್ಕೆ ಸರಿಯಾಗಿ ಬಾಗಿಲು ತೆರೆಯಿತು. ಆರನೆಯ ದಿನ ಐದಕ್ಕೆ ಮೂರೇ ನಿಮಿಷ ಉಳಿದಿದ್ದರೂ ಒಳಗೆ ಸದ್ದಿಲ್ಲ. ಆಗ ಕಾರಿಡಾರಿನಲ್ಲಿ ಒಂದು ಲೋಟ ನೆಲಕ್ಕೆ ಬಿತ್ತು.

"ಕೈ ಜಾರಿತು," ಎನ್ನುತ್ತಾರೆ ಕೋಳಿಯಕ್ಕ, ಗೋಡೆಯ ಕಡೆ ನೋಡುತ್ತ.

"ಹನ್ನೆರಡು ವರ್ಷದಿಂದ ಜಾರದ ಲೋಟ ಆವತ್ತೇ ಜಾರಬೇಕಾ?" ಎನ್ನುತ್ತಾರೆ ಅಡುಗೆಯವರು, ಪಾತ್ರೆ ತಿಕ್ಕುತ್ತ. "ಅದೂ ಅವಳ ಬಾಗಿಲ ಮುಂದೇನೇ. ಲೋಟಕ್ಕೂ ಕರುಳು ಇರುತ್ತೆ ಬಿಡಿ."

ಆ ದಿನ ಲೆಕ್ಕಕ್ಕೆ ಸೇರಬೇಕೋ ಬೇಡವೋ ಎಂದು ತಿಂಡಿಯ ಹೊತ್ತಿಗೆ ಇಡೀ ಮನೆ ಎರಡು ಪಕ್ಷವಾಯಿತು. ಸೇರಲಿ ಎನ್ನುವವರೇ ಹೆಚ್ಚು. ಮಧ್ಯಾಹ್ನ ಬೇಕರಿಯಿಂದ ಬಂದ ಬ್ರೆಡ್ಡಮ್ಮನೇ ತೀರ್ಪು ಕೊಟ್ಟರು. "ಲೋಟ ಬೀಳುವಾಗ ನಾನು ಎದ್ದು ಕೂತಿದ್ದೆ ಅಕ್ಕ. ಆದ್ರೆ ಅದು ಬೀಳದೇ ಇದ್ದಿದ್ರೆ ಮತ್ತೆ ಮಲಗಿಬಿಡ್ತಿದ್ನೋ ಏನೋ, ನನಗೇ ಗೊತ್ತಿಲ್ಲ. ಗೊತ್ತಿಲ್ದೇ ಇರೋದನ್ನ ಲೆಕ್ಕಕ್ಕೆ ತಗೋಬೇಡಿ. ಒಂದರಿಂದ ಎಣಿಸಿ."

ಒಂದರಿಂದ ಎಣಿಸಿದರು. ಏಳನೆಯ ದಿನದಿಂದ ಇವತ್ತಿನ ಹದಿಮೂರನೆಯ ದಿನಕ್ಕೆ ಸರಿಯಾಗಿ ಏಳಾಗುತ್ತದೆ. ಆರು ಮುಗಿದಿವೆ. ಇವತ್ತು ತಪ್ಪಿದರೆ ಚೀಟಿ ಇಲ್ಲ, ಕೆಲಸವಿಲ್ಲ, ಕೋಣೆಯೂ ಇಲ್ಲ. ಇಲ್ಲಿಯೂ ಉಳಿಯುವಂತಿಲ್ಲ. ಇವರು ಖಾಲಿ ಮಾಡುವ ಕೋಣೆಗೆ ಒಂಬತ್ತು ಜನ ಕಾಯುತ್ತಿದ್ದಾರೆ.

ತಪ್ಪಿದರೆ ಏನು ಮಾಡುತ್ತೀರಿ ಎಂದು ನಿನ್ನೆ ಮಧ್ಯಾಹ್ನ ಕೇಳಿದಾಗ ಬ್ರೆಡ್ಡಮ್ಮ ತಟ್ಟೆ ಒರೆಸುತ್ತಿದ್ದರು. "ಆಸ್ಪತ್ರೆ ಇದೆಯಲ್ಲ. ಫ್ಲಾಸ್ಕೂ ಇದೆ. ಅತ್ತೆಗೆ ಇನ್ನೊಂದು ಆಪರೇಷನ್ ಮಾಡಿಸಿದ್ರಾಯ್ತು." ನಕ್ಕದ್ದು ಅವರೊಬ್ಬರೇ.

ಕೋಳಿಯಕ್ಕ ಬೀನ್ಸ್ ಮುರಿಯುತ್ತಿದ್ದರು. ಮಾತು ಬದಲಾಗಲಿ ಎಂದು ಅವರಿಗೊಂದು ಪ್ರಶ್ನೆ: ನಿಮ್ಮನ್ನು ಯಾರು ಎಬ್ಬಿಸುತ್ತಾರೆ?

"ನನ್ನನ್ನ ಯಾರು ಎಬ್ಬಿಸ್ತಾರೆ? ಮೊಣಕಾಲು," ಎಂದರು ಕೋಳಿಯಕ್ಕ. "ನಾಲ್ಕಕ್ಕೆ ಸರಿಯಾಗಿ ಶುರುವಾಗುತ್ತೆ ಅದರ ನೋವು. ಸಂಬಳ ಇಲ್ದೆ ದುಡಿಯುತ್ತೆ, ಪಾಪ."

ಅಡುಗೆಯವರು ಗುಟ್ಟು ಬಿಟ್ಟುಕೊಟ್ಟರು: "ಮೊಣಕಾಲಂತೆ! ವಾರದಿಂದ ಇವರು ಮಲಗಿದ್ರೆ ತಾನೇ? ರಾತ್ರಿಯೆಲ್ಲ ಮಗ್ಗುಲು ಬದಲಾಯಿಸ್ತಾರೆ. ಅವಳು ಎಬ್ಬಿಸ್ಕೊಳ್ಳದೆ ಏಳೋದು ಕಲೀತಿದ್ದಾಳೆ, ಇವರು ಎಬ್ಬಿಸದೆ ಇರೋದು ಕಲೀಬೇಕಲ್ಲ, ಅದು ಕಷ್ಟ."

ನಾಲ್ಕು ಐವತ್ತು. ಕೆಳಗೆ ಅಡುಗೆಮನೆಯಲ್ಲಿ ನಲ್ಲಿ ತೆರೆದ ಸದ್ದು. ಮೊದಲು ಎದ್ದವರು ಒಬ್ಬೊಬ್ಬರೇ ಮುಖ ತೊಳೆದು ಬರುತ್ತಾರೆ. ಕಚೇರಿ ಗುಡಿಸಲು ಹೋಗುವವರು, ಆಸ್ಪತ್ರೆಯಲ್ಲಿ ಆಯಾ ಆಗಿರುವವರು, ಎಲ್ಲರೂ ಆ ಬಾಗಿಲಿನ ಕಡೆ ಒಂದು ಸಲ ನೋಡಿ ತುದಿಗಾಲಲ್ಲಿ ಮೆಟ್ಟಿಲಿಳಿಯುತ್ತಾರೆ. ಇವರಲ್ಲಿ ಯಾರೂ ಕೆಮ್ಮುವುದಿಲ್ಲ. ಒಂದು ಕಿವಿ ಕೇಳದವರೂ ಬಾಯಿಗೆ ಸೆರಗು ಅಡ್ಡ ಹಿಡಿದಿದ್ದಾರೆ.

ಐವತ್ತಮೂರು. ಕೋಳಿಯಕ್ಕನ ಕಣ್ಣು ಬಾಗಿಲಡಿಯ ಸಂದಿಯ ಮೇಲೆ. ಅಲ್ಲಿ ಬೆಳಕಿಲ್ಲ. ಆಮೇಲೆ ಆ ಕಣ್ಣು ಸಣ್ಣದಾಗುತ್ತ ಬರುತ್ತದೆ. ತಲೆ ಒಂದು ಸಲ ಮುಂದಕ್ಕೆ ಜೋಲಿ ಹೊಡೆದು, ಸರಿಯಾಗಿ, ಗೋಡೆಗೆ ಒರಗುತ್ತದೆ. ಅಂಗೈಗಳು ಇನ್ನೂ ತೊಡೆಯಡಿಯೇ ಇವೆ. ಸಣ್ಣಗೆ ಗೊರಕೆ ಕೇಳುತ್ತದೆ. ಒಂದು ವಾರದ ನಿದ್ದೆ ಈ ಹೊತ್ತನ್ನೇ ಆರಿಸಿಕೊಂಡು ಬಂದಿದೆ.

ಬರೆಯಲು ಬಂದು ಪಕ್ಕದಲ್ಲಿ ನಿಂತವರು ಏನು ಮಾಡಬೇಕು? ಕೂಗಿದರೆ ಬಾಗಿಲಾಚೆಗೂ ಕೇಳುತ್ತದೆ. ಏಳನೆಯ ದಿನವೂ ಮಣ್ಣುಪಾಲು. ಮುಟ್ಟುವಂತಿಲ್ಲ, ಹುಬ್ಬಿನ ಮೇಲಿನ ಗೆರೆ ಕಣ್ಣಿಗೆ ಹೊಡೆಯುವಂತಿದೆ. ಮುಗಿಯಿತು, ಎರಡು ಬಾಗಿಲಿನ ನಡುವೆ ಕಲ್ಲಿನಂತೆ ನಿಲ್ಲುವುದೊಂದೇ ದಾರಿ.

ಐವತ್ತಾರು. ಬಾಗಿಲಿನ ಒಳಗೆ ಬಟ್ಟೆಯ ಮಡಿಕೆಯಲ್ಲಿ ಸಿಕ್ಕಿಕೊಂಡ ದುಂಬಿಯಂಥ ಗುಂಯ್‌ಗುಟ್ಟುವಿಕೆ. ಅದು ನಿಲ್ಲುತ್ತದೆ. ಆಮೇಲೆ ಏನೂ ಇಲ್ಲ. ಆಮೇಲೂ ಏನೂ ಇಲ್ಲ. ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ಇಷ್ಟು ಸದ್ದು ಮಾಡುತ್ತದೆಂದು ಇಷ್ಟು ಹೊತ್ತೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಸಂದಿಯಡಿ ಬೆಳಕಿನ ಗೆರೆ ಬೀಳುತ್ತದೆ, ಚಿಲಕ ಸರಿ‌ಯುತ್ತದೆ, ಬಾಗಿಲು ತೆರೆಯುತ್ತದೆ.

ಬ್ರೆಡ್ಡಮ್ಮ ಸೀರೆಯುಟ್ಟು ತಯಾರಾಗಿದ್ದಾರೆ. ಎಂದರೆ ಗಡಿಯಾರಕ್ಕಿಂತ ಮುಂಚೆಯೇ, ದೀಪವನ್ನೂ ಹಾಕದೆ, ಎದ್ದು ಕೂತಿದ್ದಾರೆ. ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ. ಮುಖದಲ್ಲಿ ಗೆದ್ದ ನಗೆ. ಎದುರಿಗೆ ಸ್ಟೂಲಿನ ಮೇಲೆ ಬಾಯಿ ತೆರೆದು ಮಲಗಿದವರನ್ನು ಕಂಡು ಆ ನಗೆ ಅಲ್ಲೇ ನಿಲ್ಲುತ್ತದೆ.

ಅವರು ಮುಂದೆ ಬರುವುದಿಲ್ಲ, ಹಿಂದೆ ಹೋಗುತ್ತಾರೆ. ಒಂದು ಹೆಜ್ಜೆ, ಎರಡು, ಮೂರು. ಮೀನಖಂಡಕ್ಕೆ ಮಂಚ ತಾಗಿದ ಮೇಲೆ ನಿಲ್ಲುತ್ತಾರೆ. ನೆರಳು ಕೋಳಿಯಕ್ಕನ ಕಾಲಿನ ಮೇಲೆ ಬೀಳುತ್ತಿದೆಯೆಂದು ಗಮನಿಸಿ ಪಕ್ಕಕ್ಕೆ ಸರಿಯುತ್ತಾರೆ. ಸುತ್ತ ನೋಡುತ್ತಾರೆ, ಲೋಟ ಕಾರಿಡಾರಿನ ಆ ತುದಿಯ ಕಿಟಕಿಯಲ್ಲಿದೆ. ಮೇಜಿನ ಮೇಲಿನ ಫ್ಲಾಸ್ಕ್ ಎತ್ತಿಕೊಂಡು, ಅದರ ಸ್ಟೀಲ್ ಮುಚ್ಚಳಕ್ಕೆ ಉಗುರಿನಿಂದ ಎರಡು ಸಲ ತಟ್ಟುತ್ತಾರೆ.

"ಐದಕ್ಕೆ ಎರಡು ನಿಮಿಷ ಇದೆ ಅಕ್ಕ," ಎನ್ನುತ್ತಾರೆ, ಪಕ್ಕದಲ್ಲಿ ಕೂತವರೊಡನೆ ಆಡುವ ದನಿಯಲ್ಲಿ. "ಮನೇಲಿದ್ದೀರ." ಮೂರನೆಯ ಮಾತಿಗೆ ತಡವರಿಸುತ್ತಾರೆ, ಬಾಗಿಲ ಕಡೆ ನೋಡುತ್ತಾರೆ. "ಬಾಗಿಲು ತೆಗೆದಿದೆ. ನಾನೇ ತೆಗೆದೆ."

ಕೋಳಿಯಕ್ಕನ ಕಣ್ಣು ನಿಧಾನವಾಗಿ ತೆರೆಯುತ್ತದೆ. ಮೊದಲು ಗಡಿಯಾರ, ಆಮೇಲೆ ಬೆಳಕು, ಆಮೇಲೆ ಬಾಗಿಲಿನಾಚೆ ನಿಂತವರು. ತೊಡೆಯಡಿಯಿಂದ ಕೈಗಳು ಹೊರಗೆ ಬರುತ್ತವೆ.

"ನಿಂತ್ಕೊಂಡು ಏನು ನೋಡ್ತೀಯ? ಇನ್ನೊಂದು ಚಪ್ಪಲಿ ಹಾಕ್ಕೋ. ಮೇಸ್ತ್ರಿ ನಿನಗೋಸ್ಕರ ಒಲೆ ಆರಿಸಿ ಕೂತಿರ್ತಾನಾ?"

"ಹೊರಟೆ ಅಕ್ಕ."

"ಸಂಜೆ ಕಚೇರಿಗೆ ಹೋಗಿ ಚೀಟಿ ತಗೋ. ಮರೆತುಗಿರೆತುಬಿಟ್ಟೀಯ."

ಬ್ರೆಡ್ಡಮ್ಮ ಮೆಟ್ಟಿಲಿಳಿಯುತ್ತಾರೆ. ಕೆಳಗೆ ಅಡುಗೆಮನೆಯಿಂದ ಒಂದು ಚಪ್ಪಾಳೆ, ಅದನ್ನು ಸುಮ್ಮನಿರಿಸುವ ನಾಲ್ಕಾರು "ಶ್!", ಆಮೇಲೆ ಗೇಟಿನ ಸದ್ದು. ಕೋಳಿಯಕ್ಕ ಕಿವಿಗೊಟ್ಟು ಚಪ್ಪಲಿಯ ಸದ್ದು ಬೀದಿಯ ತಿರುವು ದಾಟುವವರೆಗೆ ಕೇಳುತ್ತಾರೆ. ಮೊಣಕಾಲು ಹಿಡಿದು ಎದ್ದು, ಸ್ಟೂಲು ಗೋಡೆಗೆ ಸರಿಸಿ, ಕಾರಿಡಾರಿನ ಆ ತುದಿಯ ಕಿಟಕಿಗೆ ನಡೆದು ಲೋಟ ಕೈಗೆತ್ತಿಕೊಳ್ಳುತ್ತಾರೆ. ಐದೂವರೆಗೆ ಎಬ್ಬಿಸಬೇಕಾದವರ ಬಾಗಿಲುಗಳು ಇನ್ನೂ ಮೂರಿವೆ. ಅಲ್ಲಿಂದಲೇ ತಿರುಗಿ, ತಗ್ಗಿದ ದನಿಯಲ್ಲಿ ಕೇಳುತ್ತಾರೆ:

"ನೀವು ಇಲ್ಲೇ ಇದ್ರಲ್ಲ, ನಿಜ ಹೇಳಿ. ನಾನು ಬೆಚ್ಚಿದ್ನಾ?"

ಇಲ್ಲ.

"ಸ್ವಲ್ಪಾನೂ?"

ಸ್ವಲ್ಪವೂ ಇಲ್ಲ.

ಅವರು ಲೋಟವನ್ನು ಸೆರಗಿನಿಂದ ಒಮ್ಮೆ ಒರೆಸುತ್ತಾರೆ.

"ಹಾಗಾದ್ರೆ ಚೆನ್ನಾಗಿ ಎಬ್ಬಿಸ್ತಾಳೆ," ಎನ್ನುತ್ತಾರೆ.